ಮಾವನ ಎರಡು ವಯಸ್ಸು

ನನ್ನ ಸೋದರಮಾವನಿಗೆ ಎರಡು ವಯಸ್ಸಿದ್ದವು. ಒಂದು ಮನೆಯದು, ಇನ್ನೊಂದು ಪುರಸಭೆಯ ಕಡತದ್ದು. ಎರಡರ ನಡುವೆ ಹದಿನೈದು ವರ್ಷದ ಅಂತರ. ಕಡತದ ವಯಸ್ಸನ್ನು ಬರೆದವನು ನಾನು. ಮುಂದೆ ಅದೇ ಕೈಯಿಂದ ಅವನಿಗೆ ದಿನಾ ಸೂಜಿ ಚುಚ್ಚಿದವನೂ ನಾನೇ. ಐವತ್ತು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ಸರಕಾರಿ ಆಸ್ಪತ್ರೆಗಳಲ್ಲಿ ಕಂಪೌಂಡರ್ ಆಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳ ನೀರು ಕುಡಿದಿದ್ದೇನೆ. ಇದು ಆ ನಾಲ್ಕರಲ್ಲಿ ಒಂದು ಊರಿನಲ್ಲಿ ನಡೆದದ್ದು. ಯಾವುದು ಎಂದು ಬರೆಯುವುದಿಲ್ಲ. ಆಗ ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ.

ಮಾವ ಯಂಕಂಚಿ ಕಡೆಯವನು, ಕುರಿ ಕಾಯುವ ಮನೆತನ. ಕುರಿ ಬಿಟ್ಟು ಊರಿಗೆ ಬಂದು ಪುರಸಭೆಯ ನೀರಿನ ಕೆಲಸಕ್ಕೆ ಸೇರಿದ್ದ. ದಿನಗೂಲಿಯ ಮೇಲೆ ಹತ್ತು ವರ್ಷ ದುಡಿದ. ಬೆಳಗ್ಗೆ ಎತ್ತರದ ನೀರಿನ ಟಾಕಿ ಹತ್ತಿ ನೀರು ಎಷ್ಟಿದೆ ಎಂದು ನೋಡುವುದು, ಬ್ಲೀಚಿಂಗ್ ಪುಡಿ ಕದಡುವುದು, ಇಳಿದು ಬಂದು ಓಣಿ ಓಣಿಗೆ ನೀರು ಬಿಡುವುದು. ಅವನ ಹತ್ತಿರ ಎದೆಯೆತ್ತರದ ಒಂದು ಕಬ್ಬಿಣದ ಸಳಿ ಇತ್ತು. ಪೈಪು ಒಡೆದಿದೆ ಎಂಬ ಅನುಮಾನ ಬಂದರೆ ಸಳಿಯ ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಕೂರುತ್ತಿದ್ದ. ನೆಲದೊಳಗೆ ನೀರು ಸೋರುವ ಸಪ್ಪಳ ಅವನಿಗೆ ಕೇಳುತ್ತಿತ್ತು. ಸುತ್ತ ನಿಂತವರಿಗೆ, "ಸುಮ್ಮಕ ನಿಂದರ್ರೋ, ಭೂಮಿ ಮಾತಾಡಾಕತ್ತೈತಿ" ಎನ್ನುತ್ತಿದ್ದ. ಅವನು ತೋರಿಸಿದಲ್ಲಿ ಅಗೆದರೆ ಒಡಕು ಸಿಗುತ್ತಿತ್ತು. ನಾನು ನೋಡಿದಂತೆ ಒಮ್ಮೆಯೂ ತಪ್ಪಿದ್ದಿಲ್ಲ.

ದಿನಗೂಲಿಯವರನ್ನು ಕಾಯಂ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ವಯಸ್ಸಿನ ದಾಖಲೆ ಕೇಳಿದರು. ನಲವತ್ತೈದು ದಾಟಿರಬಾರದು ಎಂದರು. ಮಾವನಿಗೆ ಆಗ ಐವತ್ತೆಂಟು. ಊರೂರಿಗೆ ಕೆಟ್ಟ ಜ್ವರ ಬಂದು ಮಂದಿ ಸತ್ತ ವರ್ಷ ತಾನು ಕುರಿಮರಿ ಕಾಯುವಷ್ಟು ದೊಡ್ಡವನಾಗಿದ್ದೆ ಎಂದು ಅವನು ಹೇಳುತ್ತಿದ್ದ. ಆ ಲೆಕ್ಕ ಹಿಡಿದರೆ ಐವತ್ತೆಂಟಕ್ಕೆ ಒಂದೂ ಕಡಿಮೆಯಾಗುವುದಿಲ್ಲ. ಅವನು ಸಾಲಿಯ ಕಟ್ಟೆ ಹತ್ತಿದವನಲ್ಲ. ಅವನ ತಮ್ಮನೊಬ್ಬ ಎರಡು ವರ್ಷ ಸಾಲಿಗೆ ಹೋಗಿ, ಕಾಲರಾದಲ್ಲಿ ತೀರಿಕೊಂಡಿದ್ದ. ಅಣ್ಣನಿಗಿಂತ ಹದಿನೈದು ವರ್ಷ ಸಣ್ಣವನು. ಆ ಹುಡುಗನ ಸಾಲಿಯ ದಾಖಲೆ ನನ್ನ ಅಜ್ಜಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಗೇ ಇತ್ತು.

ನಾನು ಮ್ಯಾಟ್ರಿಕ್ ಪಾಸಾದವನು, ಅಕ್ಷರ ದುಂಡಗಿದ್ದವು. ಆ ದಾಖಲೆ ಹಚ್ಚಿ ಅರ್ಜಿ ಬರೆಯೋಣ ಎಂದವನು ನಾನೇ.

"ಸತ್ತವನ ಹೆಸರು ಬ್ಯಾಡೋ ಅಳ್ಯಾ," ಎಂದ ಮಾವ. "ನನ್ನ ತಮ್ಮ ಅಂವ. ಅವನ ಆಯುಷ್ಯ ನಾ ತಿಂದಂಗ ಆಕ್ಕೈತಿ."

"ಅಂವೇನು ಎದ್ದು ಬಂದು ಕೇಳ್ತಾನೇನು? ನೀ ಹೆಬ್ಬಟ್ಟು ಒತ್ತು," ಎಂದೆ.

ಒತ್ತಿದ. ಅಂದಿನಿಂದ ಕಚೇರಿಯಲ್ಲಿ ಅವನು ತನ್ನ ತಮ್ಮನಾದ. ಮೊದಮೊದಲು ಸಾಹೇಬರು ಆ ಹೆಸರು ಹಿಡಿದು ಕೂಗಿದರೆ ಸುಮ್ಮನೆ ನಿಂತಿರುತ್ತಿದ್ದನಂತೆ. ಮುಂದಿನ ವರ್ಷ ಅವನ ಮಗಳನ್ನು ನಾನು ಮದುವೆಯಾದೆ. ಸೋದರಮಾವ ಹೆಣ್ಣು ಕೊಟ್ಟ ಮಾವನೂ ಆದ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಅವನಿಗೆ ಕೆಮ್ಮು ಹತ್ತಿತು. ಅಂಗಿಯೊಳಗೆ ದೇಹ ಅಲ್ಲಾಡತೊಡಗಿತು. ಒಂದು ದಿನ ಕಫದಲ್ಲಿ ರಕ್ತ ಕಂಡಿತು. ಬಿಜಾಪುರಕ್ಕೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆ. ಕ್ಷಯ. ನಮ್ಮ ಆಸ್ಪತ್ರೆಯಲ್ಲೇ ಚಿಕಿತ್ಸೆ ಶುರುವಾಯಿತು: ಗುಳಿಗೆಗಳು, ಜೊತೆಗೆ ದಿನಾ ಒಂದು ಸ್ಟ್ರೆಪ್ಟೊಮೈಸಿನ್ ಸೂಜಿ.

ನಮ್ಮ ಡಾಕ್ಟರು ಮೈಸೂರು ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರಿರಬೇಕು. ಕೇಸ್ ಪೇಪರ್ ಮುಂದಿಟ್ಟುಕೊಂಡು, "ವಯಸ್ಸೆಷ್ಟು?" ಎಂದು ಮಾವನನ್ನು ಕೇಳಿದರು. ಮಾವ ನನ್ನ ಮುಖ ನೋಡಿದ. ರಜೆಯ ಕಾಗದ ಇದೇ ಕೇಸ್ ಪೇಪರಿನ ಆಧಾರದ ಮೇಲೆ ಪುರಸಭೆಗೆ ಹೋಗಬೇಕಿತ್ತು.

"ನಲವತ್ತೇಳ್ರಿ," ಎಂದೆ ನಾನು.

ಡಾಕ್ಟರು ಮಾವನನ್ನು ಒಂದು ಗಳಿಗೆ ನೋಡಿದರು. "ಬಿಸಿಲಲ್ಲಿ ಬೆಂದಿದ್ದಾನೆ ಪಾಪ," ಎನ್ನುತ್ತ ದಿನಕ್ಕೆ ಒಂದು ಗ್ರಾಂ ಎಂದು ಬರೆದರು.

ಇಲ್ಲಿಯವರೆಗೆ ನನ್ನದು ಅಜ್ಞಾನ ಎಂದುಕೊಳ್ಳಬಹುದು. ಔಷಧ ಎಂದರೆ ಔಷಧ, ನಲವತ್ತಾದರೇನು ಅರವತ್ತಾದರೇನು ಎಂದೇ ನಾನು ತಿಳಿದಿದ್ದೆ. ಮಾವನೂ ಗುಣ ಕಾಣತೊಡಗಿದ್ದ. ಮೂರು ವಾರದಲ್ಲಿ ಕೆಮ್ಮು ಇಳಿಯಿತು, ಊಟ ಸೇರಿತು. ರಜೆ ಮುಗಿಸಿ ಮತ್ತೆ ಟಾಕಿ ಹತ್ತತೊಡಗಿದ.

ಆ ವಾರ ಹಳ್ಳಿಯಿಂದ ಒಬ್ಬ ಮುದುಕಿಯನ್ನು ಚಕ್ಕಡಿಯಲ್ಲಿ ತಂದರು. ಎಲ್ಲೋ ಹೊರಗೆ ಇದೇ ಸೂಜಿ ಎರಡು ತಿಂಗಳು ಮಾಡಿಸಿಕೊಂಡಿದ್ದಳು. ನಿಂತರೆ ತೂರಾಡುತ್ತಿದ್ದಳು. ಕೂಗಿದರೂ ಕೇಳುತ್ತಿರಲಿಲ್ಲ. ಡಾಕ್ಟರು ಅವಳನ್ನು ಬಹಳ ಹೊತ್ತು ಪರೀಕ್ಷಿಸಿದರು. ಮಾರನೆಯ ಬೆಳಗ್ಗೆ ಮಟನ್ ಅಂಗಡಿಯಿಂದ ಎರಡು ಗುರ್ದಾ ತರಿಸಿದರು. ನಮ್ಮ ಕಡೆ ಮೂತ್ರಪಿಂಡಕ್ಕೆ ಗುರ್ದಾ ಎನ್ನುತ್ತೇವೆ. ನರ್ಸಬಾಯಿಯನ್ನೂ ನನ್ನನ್ನೂ ಸೂಜಿಯ ಕೋಣೆಗೆ ಕರೆದರು. ತಟ್ಟೆ ಹಿಡಿದು ನಿಂತವನು ನಾನು.

ಬಾಗಿಲ ಹೊರಗಿನ ಬೆಂಚಿನ ಮೇಲೆ ಮಾವ ತನ್ನ ಪಾಳಿಗೆ ಕಾಯುತ್ತಿದ್ದ. ಡಾಕ್ಟರಿಗೆ ಅವನು ಕುರಿ ಕಾಯುವ ಮನೆಯವನು ಎಂದು ಗೊತ್ತಿತ್ತು. "ಬಾರಯ್ಯ ಒಳಗೆ, ನಿನಗೆ ಪರೀಕ್ಷೆ," ಎಂದು ನಗುತ್ತ ಕರೆದರು. "ಇವೆರಡರಲ್ಲಿ ಮುದಿ ಕುರಿದು ಯಾವುದು ಹೇಳು."

ಮಾವ ಬಗ್ಗಿ ನೋಡಿದ. "ಹಲ್ಲು ನೋಡಿ ಹೇಳೂದು ಗೊತ್ತೈತ್ರಿ ನಮಗ. ಹಲ್ಲು ಎಲ್ಲಿ ಅದಾವ್ರಿ ಇದಕ್ಕ?" ಎಂದ. ನರ್ಸಬಾಯಿ ನಕ್ಕರು. ಅವನು ಬೆರಳಿನಿಂದ ಎರಡನ್ನೂ ಸವರಿದ. "ಇದು ಹಾಲ್ಹಲ್ಲಿನ ಮರೀದು. ಬೆಣ್ಣಿ ಹಂಗ ಜಾರತೈತಿ. ಇದು ಹಲ್ಲು ಉದುರಿದ ಕುರೀದ್ರಿ. ಮ್ಯಾಲ ಮರಳು ಉದುರಿಸಿದಂಗ ಕೈಗೆ ಹತ್ತತೈತಿ."

"ಸರಿಯಾಗಿ ಹೇಳಿದೆ," ಎಂದರು ಡಾಕ್ಟರು. ಮರಿಯ ಗುರ್ದಾದ ಮೇಲಿನ ಪೊರೆಯನ್ನು ಚಿಮಟದಿಂದ ಎಳೆದರು. ಹಸಿ ಶೇಂಗಾದ ಸಿಪ್ಪೆಯಂತೆ ಸಲೀಸಾಗಿ ಬಂತು. ಮುದಿ ಕುರಿಯದು ಅಲ್ಲಲ್ಲಿ ಅಂಟಿಕೊಂಡು ಹರಿಯಿತು. ಪೊರೆಯ ಕೆಳಗೆ ಸಣ್ಣ ಸಣ್ಣ ತಗ್ಗುಗಳು, ಗಾಯ ಮಾಯ್ದ ಕಲೆಗಳು. ಎರಡನ್ನೂ ಉದ್ದಕ್ಕೆ ಸೀಳಿದರು. ಮರಿಯದರಲ್ಲಿ ಹೊರಗಿನ ಕೆಂಪು ಅಂಚು ದಪ್ಪಗಿತ್ತು. ಮುದಿಯದರಲ್ಲಿ ಅದು ತೆಳ್ಳಗಾಗಿ ಬಣ್ಣಗೆಟ್ಟಿತ್ತು.

"ರಕ್ತ ಸೋಸೋ ಜರಡಿಗಳೆಲ್ಲ ಈ ಅಂಚಿನಲ್ಲೇ ಇರೋದು," ಎಂದರು. "ಮನುಷ್ಯನಿಗೂ ಹೀಗೇ. ಹುಟ್ಟುವಾಗ ಲಕ್ಷಗಟ್ಟಲೆ ಇರುತ್ತೆ. ವಯಸ್ಸಾಗ್ತಾ ಒಂದೊಂದೇ ಮುಚ್ಚಿಕೊಂಡು ಗಟ್ಟಿ ಕಲೆ ಆಗುತ್ತೆ. ಮುಚ್ಚಿದ್ದು ಮತ್ತೆ ತೆರೆಯಲ್ಲ, ಹೊಸದು ಹುಟ್ಟಲ್ಲ. ಒಳಗಿನ ರಕ್ತನಾಳಗಳೂ ದಪ್ಪಗಾಗಿ ದಾರಿ ಸಣ್ಣದಾಗುತ್ತೆ."

"ಹಳೇ ಪೈಪಿನ್ಯಾಗ ಸುಣ್ಣ ಕಟ್ಟಿದಂಗ್ರಿ," ಎಂದ ಮಾವ.

"ಹಾಗೇನೇ. ಆದರೆ ಮೂತ್ರ ಹೋಗ್ತಾನೇ ಇರುತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಈ ಸೂಜಿಯ ಔಷಧ ಹೊರಗೆ ಹೋಗಬೇಕಾದರೆ ಇದೇ ದಾರಿ. ದಾರಿ ಸಣ್ಣದಾದರೆ ಒಳಗೇ ನಿಲ್ಲುತ್ತೆ. ನಿಂತದ್ದು ಕಿವಿಯ ನರಕ್ಕೆ ಹತ್ತುತ್ತೆ. ಕೇಳೋದೂ ಹೋಗುತ್ತೆ, ನಿಲ್ಲೋ ಸಮತೋಲವೂ ಹೋಗುತ್ತೆ." ನಮ್ಮಿಬ್ಬರ ಕಡೆ ತಿರುಗಿದರು. "ಐವತ್ತರ ಒಳಗಿನವರಿಗೆ ಪೂರ್ತಿ ಗ್ರಾಂ. ಅರವತ್ತು ದಾಟಿದವರಿಗೆ ಅರ್ಧ. ವಯಸ್ಸು ಕೇಳದೆ ಯಾರಿಗೂ ಚುಚ್ಚಬೇಡಿ." ಮಾವನ ಹೆಗಲು ತಟ್ಟಿದರು. "ನಿನಗೇನಪ್ಪ, ನಲವತ್ತೇಳು. ನಿಂದು ಇನ್ನೂ ನುಣ್ಣಗಿರುತ್ತೆ."

ಮಾವ ನಕ್ಕ. ನಕ್ಕು ನನ್ನ ಕಡೆ ನೋಡಿದ. ಕಚೇರಿಯಲ್ಲಿ ತಮ್ಮನ ಹೆಸರಿಗೆ ಓಗೊಡುವುದು ರೂಢಿಯಾದ ಮೇಲೆ ಅವನು ಹೀಗೇ ನಗುತ್ತಿದ್ದನಂತೆ. ತನಗೂ ಆ ಅರ್ಧ ಗ್ರಾಂ ಮಾತಿಗೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ತಟ್ಟೆಯಲ್ಲಿದ್ದ ಗುರ್ದಾ ಜಾರಿ ಅಂಚಿಗೆ ಬಂತು. ತಟ್ಟೆಯನ್ನು ಮೇಜಿನ ಮೇಲಿಟ್ಟೆ.

ಐದು ನಿಮಿಷದ ನಂತರ ಅದೇ ಕೋಣೆಯಲ್ಲಿ ಅವನಿಗೆ ಒಂದು ಗ್ರಾಂ ಪೂರ್ತಿ ಚುಚ್ಚಿದೆ.

ಅಂದು ರಾತ್ರಿ, ನಿಜ ಹೇಳಿದರೆ ಏನಾಗುತ್ತದೆ ಎಂದು ಎಣಿಸಿದೆ. ಸುಳ್ಳು ದಾಖಲೆ ಹೊರಬೀಳುತ್ತದೆ, ಮಾವನ ನೌಕರಿ ಹೋಗುತ್ತದೆ. ಅರ್ಜಿಯ ಅಕ್ಷರ ನನ್ನದು. ನನ್ನ ನೌಕರಿಯೂ ಹೋಗುತ್ತದೆ, ಪೊಲೀಸರು ಬಂದರೂ ಬಂದರು. ಹೆಂಡತಿಗೆ ಆಗ ಏಳು ತಿಂಗಳು. ಕೊನೆಗೆ ಒಂದು ಉಪಾಯ ಹೂಡಿದೆ. ಯಾರಿಗೂ ಹೇಳದೆ ಅರ್ಧವೇ ಚುಚ್ಚಿದರಾಯಿತು!

ಮರುದಿನದಿಂದ ಹಾಗೇ ಮಾಡಿದೆ. ಬಾಟಲಿಯ ಬಿಳಿ ಪುಡಿಗೆ ನೀರು ಬೆರೆಸಿ, ಅರ್ಧ ಎಳೆದು, ಉಳಿದದ್ದನ್ನು ಮೋರಿಗೆ ಚೆಲ್ಲುತ್ತಿದ್ದೆ. ನಾಲ್ಕು ದಿನ ನಡೆಯಿತು. ನಾಲ್ಕನೆಯ ದಿನ ಚೆಲ್ಲುವ ಮೊದಲೇ ಡಾಕ್ಟರು ಒಳಗೆ ಬಂದರು. ಅರ್ಧ ಔಷಧವಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಏನ್ರೀ ಇದು?"

ನಾನು ಸಿರಿಂಜನ್ನು ತಟ್ಟೆಯಲ್ಲಿಟ್ಟೆ.

"ಈ ಔಷಧ ಹೊರಗೆ ಮಾರಾಟ ಆಗ್ತಿದೆ ಅಂತ ಜನ ಹೇಳ್ತಾರೆ. ನಾನು ನಂಬಿರಲಿಲ್ಲ. ಸ್ವಂತ ಮಾವನ ಔಷಧಾನೂ ಬಿಡಲ್ವೇನ್ರೀ ನೀವು?"

ಆ ಗಳಿಗೆಯಲ್ಲಿ ಒಂದೇ ಒಂದು ಮಾತು ಸಾಕಿತ್ತು. "ಅವನಿಗೆ ಅರವತ್ತೆರಡ್ರಿ" ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಳ್ಳ ಎನ್ನಿಸಿಕೊಳ್ಳುವುದು ನನಗೆ ಸುಲಭವೆನಿಸಿತು. ಕಳ್ಳನಿಗೆ ಒಂದು ಮೆಮೊ ಕೊಟ್ಟು ಬಿಡುತ್ತಾರೆ. "ತಪ್ಪಾತ್ರಿ ಸಾಹೇಬ್ರ, ಇನ್ನೊಮ್ಮೆ ಮಾಡೂದಿಲ್ಲ," ಎಂದೆ.

ಅಂದಿನಿಂದ ಡಾಕ್ಟರು ತಮ್ಮ ಮೇಜಿನ ಮುಂದೆಯೇ ಸಿರಿಂಜು ತುಂಬಿಸತೊಡಗಿದರು. ಬಾಟಲಿ ಬರಿದಾಗುವುದನ್ನು ನೋಡಿಯೇ ತಲೆಯಾಡಿಸುತ್ತಿದ್ದರು. ದಿನಾ ಅವರ ಕಣ್ಣೆದುರಿಗೆ ಪೂರ್ತಿ ಒಂದು ಗ್ರಾಂ ಎಳೆದುಕೊಂಡು, ನಾಲ್ಕು ಹೆಜ್ಜೆ ನಡೆದು, ಮಾವನಿಗೆ ಚುಚ್ಚುತ್ತಿದ್ದೆ. ಆ ನಾಲ್ಕು ಹೆಜ್ಜೆಗಳಲ್ಲಿ ದಿನಾ ಒಂದು ಸಲ ತಿರುಗಿ ಹೇಳಿಬಿಡಬೇಕು ಎನ್ನಿಸುತ್ತಿತ್ತು. ತಿರುಗಲಿಲ್ಲ.

ಎರಡು ವಾರದೊಳಗೆ ಹೆಂಡತಿ ಒಂದು ಮಾತು ಹೇಳಿದಳು. "ಅಪ್ಪ ಮಾರಿ ತೊಳಕೊಳ್ಳುವಾಗ ಗೋಡಿ ಹಿಡೀತಾನ್ರೀ. ಕಣ್ಣು ಮುಚ್ಚಿದ ಕೂಡ್ಲೇ ಜೋಲಿ ಹೊಡೀತಾನ. ಯಾಕಂತ?"

"ರೋಗದ ನಿತ್ರಾಣ," ಎಂದೆ.

ಮಾವನೂ ಕೇಳಿದ. ಸೂಜಿ ಮಾಡಿಸಿಕೊಂಡು ಅಂಗಿಯ ತೋಳು ಇಳಿಸುತ್ತ, "ಅಳ್ಯಾ, ಕಿವ್ಯಾಗ ಜೀರುಂಡಿ ಕುಂತಾವ ನೋಡು. ಸಳಿ ಹಚ್ಚಿದ್ರ ನೀರಿನ ಸಪ್ಪಳ ಯಾವುದು, ಜೀರುಂಡಿ ಯಾವುದು ತಿಳೀವಲ್ದು. ನಿನ್ನಿ ಊರ ಅಗಸಿ ಬಾಗಲ ಹತ್ರ ತಪ್ಪು ಜಾಗಾ ಅಗಿಸಿದೆ. ಮಂದಿ ನಕ್ರು," ಎಂದ.

"ತತ್ತಿ ತಿನ್ನು ಮಾವ. ಹಾಲು ಕುಡಿ. ಎಲ್ಲಾ ಸರಿಹೋಗ್ತೈತಿ," ಎಂದೆ.

ಅವನು ನಂಬಿದ. ದಿನಕ್ಕೆರಡು ತತ್ತಿ ತಿನ್ನತೊಡಗಿದ. ಸೂಜಿ ಮಾಡಿದ್ದು ಪಾಪವೋ, ಈ ತತ್ತಿಯ ಮಾತು ಹೆಚ್ಚಿನ ಪಾಪವೋ ಎಂದು ಇವತ್ತಿಗೂ ತೀರ್ಮಾನಿಸಲು ನನಗೆ ಆಗಿಲ್ಲ.

ಟಾಕಿ ಹತ್ತುವುದನ್ನಾದರೂ ನಿಲ್ಲಿಸಬಹುದಿತ್ತು. ಒಂದೆರಡು ಸಲ ಹೇಳಿದೆ: ರಜೆ ಹಾಕು, ಬೇರೆಯವರು ಹತ್ತಲಿ. "ಕಾಯಂ ನೌಕರಿ ಅಳ್ಯಾ, ನೀನ ಬರೆದು ಕೊಡಿಸಿದ್ದು. ಟಾಕಿ ಹತ್ತಾಕ ಆಗೂದಿಲ್ಲ ಅಂದ್ರ ಮೆಡಿಕಲ್‌ಗೆ ಕಳಸ್ತಾರ. ಅಲ್ಲಿ ವಯಸ್ಸು ಕೇಳಿದ್ರ ಏನ್ ಹೇಳೂದು?" ಎಂದ. ಅವನ ಮಾತು ನಿಜವಿತ್ತು. ದಿನಾ ಬೆಳಗ್ಗೆ ಆಸ್ಪತ್ರೆಯ ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಬೇವಿನ ಗಿಡಗಳ ಮೇಲೆ ಟಾಕಿಯ ತಲೆ ಕಾಣುತ್ತಿತ್ತು. ತಲೆಗೆ ಬಿಳಿ ಪಟಕಾ ಸುತ್ತಿದ ಒಂದು ಆಕಾರ ಕಬ್ಬಿಣದ ನಿಚ್ಚಣಿಕೆಯ ಮೇಲೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ಇಳಿದು ಗಿಡಗಳ ಹಿಂದೆ ಮರೆಯಾಗುವ ತನಕ ನಾನು ಔಷಧದ ಕಿಟಕಿ ತೆರೆಯುತ್ತಿರಲಿಲ್ಲ. ರೋಗಿಗಳು ಸಾಲಿನಲ್ಲಿ ಗೊಣಗುತ್ತಿದ್ದರು.

ಒಂದು ದಿನ ಆಕಾರ ಇಳಿಯಲಿಲ್ಲ.

ಓಡಿದೆ. ಟಾಕಿಯ ಬುಡದಲ್ಲಿ ಕೊಡಗಳು, ಹೆಣ್ಣುಮಕ್ಕಳು, ಪುರಸಭೆಯ ಇಬ್ಬರು ಆಳುಗಳು. "ಮ್ಯಾಲ ಕುಂತಾನ್ರಿ, ಇಳಿ ಅಂದ್ರ ಇಳೀವಲ್ಲ," ಎಂದ ಒಬ್ಬ. "ಮುದುಕ ಆದಂಗ ಹುಡುಗಾಟಿಕಿ ಹೆಚ್ಚಾಗೈತಿ," ಎಂದು ಒಬ್ಬ ಹೆಂಗಸು ನಕ್ಕಳು. ನಾನು ಚಪ್ಪಲಿ ಕಳಚಿ ಹತ್ತಿದೆ. ಅದಕ್ಕೂ ಮುಂಚೆ ನಾನು ಅದನ್ನು ಒಮ್ಮೆಯೂ ಹತ್ತಿದ್ದಿಲ್ಲ.

ಮೇಲೆ, ಟಾಕಿಯ ಮುಚ್ಚಳದ ಪಕ್ಕ, ಮಾವ ಅಂಗಾತ ಮಲಗಿ ಎರಡೂ ಕೈಗಳಿಂದ ಕಬ್ಬಿಣದ ಬಳೆಯೊಂದನ್ನು ಹಿಡಿದಿದ್ದ. ಕಣ್ಣು ಅಗಲವಾಗಿ ತೆರೆದಿದ್ದವು.

"ಅಳ್ಯಾ ಬಂದ್ಯಾ? ನೆಲಾ ನಿಂತಲ್ಲಿ ನಿಲ್ಲವಲ್ದೋ. ಕೆಳಗ ನೋಡಿದ್ರ ಊರ ತಿರಗಾಕತ್ತೈತಿ."

"ಮಾವ, ಇಳಿಯೂಣು. ನಾ ಅದೇನಿ."

"ಏನಂದಿ?"

ಕಿವಿಯ ಹತ್ತಿರ ಬಾಯಿ ಇಟ್ಟು ಮತ್ತೆ ಹೇಳಿದೆ. ಅವನ ಪಟಕಾ ಬಿಚ್ಚಿ ಒಂದು ತುದಿಯನ್ನು ಅವನ ನಡುವಿಗೆ, ಇನ್ನೊಂದನ್ನು ನನ್ನ ನಡುವಿಗೆ ಕಟ್ಟಿದೆ. ಅವನು ಜಾರಿದರೆ ಇಬ್ಬರೂ ಹೋಗುತ್ತೇವೆ ಎಂಬುದು ಕಟ್ಟುವಾಗಲೇ ಗೊತ್ತಿತ್ತು. ನಾನು ಕೆಳಗೆ, ಅವನು ಮೇಲೆ. ಅವನ ಒಂದೊಂದು ಪಾದವನ್ನೂ ಕೈಯಿಂದ ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟೆ. ಇಟ್ಟ ಮೇಲೆ ಪಾದ ನಡುಗುತ್ತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಬ್ಲೀಚಿಂಗ್ ಪುಡಿ ಸಿಕ್ಕಿಕೊಂಡಿತ್ತು. ನಡುವೆ ಒಮ್ಮೆ ಅವನ ಇಡೀ ಭಾರ ನನ್ನ ತಲೆಯ ಮೇಲೆ ಬಂತು. ನಾನು ನಿಚ್ಚಣಿಕೆಯನ್ನು ಹಲ್ಲು ಕಚ್ಚಿ ಅಪ್ಪಿಕೊಂಡೆ. ಕೆಳಗೆ ಹೆಂಗಸರ ನಗು ನಿಂತಿತ್ತು.

ನೆಲ ಮುಟ್ಟಿದ ಮೇಲೆ ಅವನನ್ನು ಗಿಡದ ನೆರಳಲ್ಲಿ ಕೂರಿಸಿ, ಬರಿಗಾಲಲ್ಲೇ ಆಸ್ಪತ್ರೆಗೆ ನಡೆದೆ. ಡಾಕ್ಟರ ಮುಂದೆ ಬೇರೆ ರೋಗಿ ಇದ್ದ. ನಾನು ಕಾಯಲಿಲ್ಲ.

"ನಮ್ಮ ಮಾವಗ ಅರವತ್ತೆರಡ್ರಿ ಸಾಹೇಬ್ರ. ನಲವತ್ತೇಳು ಅವನ ಸತ್ತ ತಮ್ಮನ ವಯಸ್ಸು."

ಡಾಕ್ಟರು ರೋಗಿಯನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿದರು. ಬೈಯುತ್ತಾರೆ ಎಂದು ಕಾದೆ. ಅವರು ಕೇಸ್ ಪೇಪರ್ ತೆಗೆದು, ಸೂಜಿ ಮಾಡಿದ ದಿನಗಳ ಗುರುತುಗಳ ಮೇಲೆ ಪೆನ್ನಿನ ತುದಿ ಆಡಿಸುತ್ತ ಹೋದರು. ಒಂದು ಕಡೆ ಪೆನ್ನು ನಿಂತಿತು.

"ಗುರ್ದಾ ತೋರಿಸಿದ ದಿನ ಇದು. ತಟ್ಟೆ ಹಿಡಿದು ನಿಂತಿದ್ದವರು ನೀವೇ ಅಲ್ವಾ?"

"ಹೌದ್ರಿ."

"ಅರ್ಧ ಬಾಟಲಿ... ಅದು ಇದಕ್ಕಾ?"

"ಹೌದ್ರಿ."

"ನಾನು ಕಳ್ಳ ಅಂದೆ. ನೀವು ಒಪ್ಪಿಕೊಂಡ್ರಿ," ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಗುರ್ದಾ ತೋರಿಸಿದಂದಿನಿಂದ ಈಚೆಗೆ ಪೂರ್ತಿ ಗ್ರಾಂ ಚುಚ್ಚಿದ ದಿನಗಳನ್ನು ಎಣಿಸಿದರು. ಮೂವತ್ತನಾಲ್ಕು. ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಸೂಜಿಗೆ ಅಡ್ಡಗೆರೆ ಎಳೆದು, ಗುಳಿಗೆಗಳನ್ನಷ್ಟೇ ಬರೆದರು. ಪುರಸಭೆಗೆ ಅವರು ಏನನ್ನೂ ಬರೆಯಲಿಲ್ಲ. ಆರು ತಿಂಗಳಿಗೆ ಅವರಿಗೆ ವರ್ಗವಾಯಿತು. ಹೋಗುವ ದಿನ ಎಲ್ಲರಿಗೂ ಕೈಮುಗಿದರು, ನನ್ನ ಮುಂದೆ ಮಾತ್ರ ಕೈ ಅರ್ಧಕ್ಕೆ ನಿಂತಿತು.

ಮಾವನ ಕ್ಷಯ ವಾಸಿಯಾಯಿತು. ಕಿವಿ ಮರಳಲಿಲ್ಲ. ಹಗಲು ಕೋಲು ಹಿಡಿದು ನಡೆಯಬಲ್ಲವನಾದ. ಸಂಜೆ ಮಸುಕಾದರೆ ಯಾರಾದರೂ ಕೈ ಹಿಡಿಯಬೇಕು. ನೌಕರಿಯನ್ನು ತಾನೇ ಬಿಟ್ಟ. "ತಮ್ಮನ ಹೆಸರು ತಮ್ಮಗ ತಿರುಗಿ ಕೊಟ್ಟೆ," ಎಂದು ನಕ್ಕ. ಆ ಸಳಿಯನ್ನು ಮಾತ್ರ ಮನೆಗೆ ತಂದು ಬಾಗಿಲ ಸಂದಿಯಲ್ಲಿ ನಿಲ್ಲಿಸಿದ. ಕೆಲವೊಮ್ಮೆ ಅಂಗಳದಲ್ಲಿ ಕೂತು ಅದನ್ನು ನೆಲಕ್ಕೆ ಊರಿ ಕಿವಿ ಹಚ್ಚುತ್ತಿದ್ದ. ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ, ಎತ್ತಿಡುತ್ತಿದ್ದ.

ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಕಥೆ. ಕಿವುಡರು ಮಾತಾಡುವಂತೆ ಓಣಿಗೆಲ್ಲ ಕೇಳುವ ದನಿಯಲ್ಲಿ: "ನನ್ನ ಅಳಿಯ ಪಟಕಾದಿಂದ ತನ್ನ ನಡಕ್ಕ ಕಟಗೊಂಡು ಇಳಿಸಿದ. ಹೊಟ್ಟಿಲೆ ಹುಟ್ಟಿದ ಮಗ ಮಾಡೂದಿಲ್ಲ ಅಂಥಾದ್ದು!" ನಾನು ಅಲ್ಲಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಜನ ಅದನ್ನು ಸಂಕೋಚ ಎಂದು ತಿಳಿಯುತ್ತಿದ್ದರು.

ಅವನು ಇನ್ನೂ ಒಂಬತ್ತು ವರ್ಷ ಬದುಕಿದ. ಕೊನೆಯ ವರ್ಷ ಒಂದು ಮಧ್ಯಾಹ್ನ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡು ಅವನ ಪಕ್ಕ ಕೂತೆ. ಅಂಗಳದ ಇನ್ನೊಂದು ತುದಿಯಲ್ಲಿ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಜೊತೆಗಿದ್ದರು.

"ಮಾವ," ಎಂದು ಮೆಲ್ಲಗೆ ಶುರು ಮಾಡಿದೆ. "ಆ ಸೂಜಿ ನಿನಗ ಅಷ್ಟು ಮಾಡಬಾರದಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ."

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಕೈಯನ್ನು ಕಿವಿಯ ಹಿಂದೆ ಹಿಡಿದ. "ಜೋರ್ಲೆ ಹೇಳೋ. ನಿನ್ನ ಮಾವ ಕಿವುಡ ಅಂಬೂದು ಮರತಿ?"

ಜೋಳದ ಮೊರ ನಿಂತಿತು. ಹೆಂಡತಿ ಈ ಕಡೆ ನೋಡಿದಳು. ಆ ಹೆಣ್ಣುಮಕ್ಕಳೂ ನೋಡಿದರು. ಆ ಮಾತು ಅವನಿಗೆ ಮುಟ್ಟಬೇಕಾದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಹಾಗೆ ಮಾಡಿಟ್ಟವನು ನಾನೇ.

"ಚಹಾ ಕುಡೀತೀಯೇನು ಅಂದೆ," ಎಂದು ಕೂಗಿದೆ.

"ಹೂಂ, ತಾ," ಎಂದ ಮಾವ. "ಸಕ್ರಿ ಒಂದೀಟು ಹೆಚ್ಚಿಗಿ ಇರಲಿ."